ಮುಸುಕಿನ ಜೋಳದ ಮುದ್ದೆ

ಆ ದಿನಗಳಲ್ಲಿ ಫ್ರೀಮಾಂಟಿನಲ್ಲಿ ನೆಲೆಸಿದ್ದ ನಮ್ಮ ಕನ್ನಡದವರಿಗೆಲ್ಲ ಬೇಸಿಗೆ ರಜೆ ಎಂದರೆ ವಿಮಾನ ಹತ್ತಿ ಊರಿಗೆ ಹೋಗುವುದು, ಅಷ್ಟೇ. ಸ್ಕೂಲು ಮುಗಿಯುವ ಮೊದಲೇ ಹಜಾರದಲ್ಲಿ ಸೂಟ್‌ಕೇಸುಗಳು ಬಾಯಿ ತೆರೆದು ಬಿದ್ದಿರುತ್ತಿದ್ದವು. ಬಾದಾಮಿ, ಚಾಕೊಲೇಟು, ಅಜ್ಜಿಯ ಮಂಡಿನೋವಿಗೆ ಮುಲಾಮು. ಅಮ್ಮ ಪೆಟ್ಟಿಗೆಯನ್ನು ತೂಕಕ್ಕಿಟ್ಟು, ಏನನ್ನೋ ತೆಗೆದು, ಮತ್ತೆ ಇಟ್ಟು ಗೊಣಗುತ್ತಿದ್ದಳು. ನನಗೆ ಹನ್ನೊಂದು ವರ್ಷವಾಗಿದ್ದ ಆ ಬೇಸಿಗೆಯಲ್ಲಿ ಮಾತ್ರ ಅಪ್ಪ, "ಈ ಸಲ ಮಂಡ್ಯ ಬ್ಯಾಡ. ಇಟಲಿಗೆ ಹೋಗಿ ಸೈಕಲ್ ತುಳಿಯೋಣ" ಅಂದುಬಿಟ್ಟ.

ಅದು ಅಪ್ಪ ಸೈಕಲ್ ತುಳಿದ ಕೊನೆಯ ಬೇಸಿಗೆ. ಸ್ನಾಯುಗಳು ಒಂದೊಂದಾಗಿ ಸೋತುಹೋಗುವ, ಮದ್ದಿಲ್ಲದ ಕಾಯಿಲೆ ಎಂದು ಡಾಕ್ಟರು ಹೇಳಿಯಾಗಿತ್ತು. ಅದು ಅಪ್ಪನಿಗೆ ಗೊತ್ತಿತ್ತು, ಅಮ್ಮನಿಗೆ ಗೊತ್ತಿತ್ತು, ನನಗೆ ಗೊತ್ತಿರಲಿಲ್ಲ. ಅಪ್ಪನ ಎಡಗಾಲು ಆಗಾಗ ಮೆಟ್ಟಿಲಿಗೆ ತಾಗುತ್ತಿತ್ತು, ಅಪ್ಪ ಮೆಟ್ಟಿಲನ್ನೇ ಬೈಯುತ್ತಿದ್ದ. ನನಗೆ ನಗು ಬರುತ್ತಿತ್ತು.

ಮನೆಗೊಂದು ಅಡುಗೆ ತಂದು ಕೂಡಿ ಉಣ್ಣುವ ಪಾಟ್‌ಲಕ್ಕಿನಲ್ಲಿ ಸ್ನೇಹಿತರೆಲ್ಲ ಅಪ್ಪನನ್ನು ಹಿಡಿದುಕೊಂಡರು. "ಏನ್ ಗೌಡ್ರೇ, ಸೈಕಲ್ ತುಳಿಯೋಕೆ ಇಟಲಿನೇ ಬೇಕಾ? ಇಲ್ಲೇ ಡಂಬಾರ್ಟನ್ ಬ್ರಿಡ್ಜ್ ಮೇಲೆ ತುಳೀರಿ." ಅಪ್ಪ ಎಲ್ಲರಿಗಿಂತ ಜೋರಾಗಿ ನಕ್ಕ. ಅಮ್ಮ ತಟ್ಟೆಗಳನ್ನು ಎತ್ತಿಕೊಂಡು ಅಡುಗೆಮನೆಗೆ ಹೋದಳು.

ನಾವು ಹೋದದ್ದು ಫೋಟೋಗಳಲ್ಲಿ ಕಾಣುವ ಇಟಲಿಗಲ್ಲ. ದ್ರಾಕ್ಷಿ ತೋಟದ ಗುಡ್ಡಗಳಿಲ್ಲ, ಸಮುದ್ರವಿಲ್ಲ. ಉತ್ತರದ ಕಡೆಯ ಆ ಬಯಲಿನಲ್ಲಿ ಕಣ್ಣು ಹಾಯುವಷ್ಟು ದೂರವೂ ಭತ್ತದ ಗದ್ದೆ. ನಡುವೆ ನಾಲೆಗಳು, ನಾಲೆಯ ಏರಿಯ ಮೇಲೆ ಸೈಕಲ್ ದಾರಿ. ಸಂಜೆಯಾದರೆ ಕಪ್ಪೆಗಳು, ಸೊಳ್ಳೆಗಳು. ಅಮ್ಮ ತಲೆ ಚಚ್ಚಿಕೊಂಡಳು. "ಅಲ್ಲಾ ರೀ, ಅಷ್ಟು ಹೊತ್ತು ಪ್ಲೇನಲ್ಲಿ ಕೂತ್ಕೊಂಡು ಬಂದು ನೋಡ್ತಿರೋದು ಗದ್ದೇನಾ?"

ಅಪ್ಪ ಕಣ್ಣು ಮುಚ್ಚಿ ಉಸಿರೆಳೆದುಕೊಂಡ. "ನೀನೂ ಎಳ್ಕೊ. ನಮ್ ನಾಲೆ ಬಯಲಿನ ವಾಸ್ನೇನೇ ಕಣೆ" ಅಂದ.

ಬೆಳಿಗ್ಗೆ ಬಿಸಿಲೇರುವ ಮೊದಲು ಹೊರಡುತ್ತಿದ್ದೆವು. ನಾನು ಮುಂದೆ, ಬೆಳ್ಳಕ್ಕಿಗಳನ್ನು ಓಡಿಸಿಕೊಂಡು. ಅಪ್ಪ ನಡುವೆ. ಅಮ್ಮ ಹಿಂದೆ, ಅಪ್ಪ ಎಷ್ಟು ನಿಧಾನವಾದರೂ ಅವಳು ಮುಂದೆ ಹೋಗುತ್ತಿರಲಿಲ್ಲ. ಎಡಗಾಲು ಪೆಡಲ್‌ನಿಂದ ಜಾರಿದಾಗೆಲ್ಲ ಅಪ್ಪ ಸೈಕಲ್ ನಿಲ್ಲಿಸಿ, ತೂಬಿನ ಕಟ್ಟೆಯ ಮೇಲೆ ಕೂತು, ಚಪ್ಪಟೆ ಕಲ್ಲುಗಳನ್ನು ನೀರಿನ ಮೇಲೆ ಜಿಗಿಸುವುದು ಹೇಗೆಂದು ನನಗೆ ಹೇಳಿಕೊಡುತ್ತಿದ್ದ. ಅದು ಆಟವೆಂದೇ ತಿಳಿದಿದ್ದೆ. ಅವನು ಸುಧಾರಿಸಿಕೊಳ್ಳುತ್ತಿದ್ದ.

ಒಂದು ಸಂಜೆ ಏರಿಯ ಮೇಲಿದ್ದಾಗಲೇ ಮಂಡ್ಯದಿಂದ ಅಜ್ಜಿಯ ಫೋನು ಬಂತು. ಯಾಕೆ ಈ ವರ್ಷ ಬರಲಿಲ್ಲ ಎಂದು ಕೇಳಿದಳು. "ಆಫೀಸಲ್ಲಿ ರಜ ಕೊಡ್ನಿಲ್ಲ ಕಣವ್ವ" ಅಂದ ಅಪ್ಪ. ಸುತ್ತಲೂ ಕಪ್ಪೆಗಳ ಗದ್ದಲ. "ಅದೇನ್ಲಾ ಅದು, ಕಪ್ಪೆ ವಟಗುಟ್ತಾ ಅವೆ? ಆಫೀಸಲ್ಲಿ ಕಪ್ಪೆ ಸಾಕವ್ರಾ?" ಎಂದಳು ಅಜ್ಜಿ. ನಾನು ಬಿದ್ದು ಬಿದ್ದು ನಕ್ಕೆ. ಅಪ್ಪ ನಗಲಿಲ್ಲ, ಫೋನನ್ನು ಅಮ್ಮನ ಕೈಗೆ ಕೊಟ್ಟು ನಾಲೆಯ ಕಡೆ ತಿರುಗಿ ನಿಂತ.

ಇಟಲಿ ಯಾಕೆ ಎಂಬುದನ್ನು ಅಮ್ಮ ನನಗೆ ಹೇಳಿದ್ದು ಬಹಳ ವರ್ಷಗಳ ಮೇಲೆ. ಅಪ್ಪನಿಗೆ ಇನ್ನೊಂದು ಸಲ ನಾಲೆ ಏರಿಯ ಮೇಲೆ ಸೈಕಲ್ ತುಳಿಯಬೇಕಿತ್ತು. ಆದರೆ ಊರಿಗೆ ಹೋಗುವ ಧೈರ್ಯವಿರಲಿಲ್ಲ. "ನಮ್ಮವ್ವ ನಾನು ಅಂಗಳ ದಾಟಾದ್ನ ನೋಡುದ್ರೆ ಸಾಕು, ಕಂಡುಹಿಡಿದ್ಬುಡ್ತಾಳೆ" ಅಂದಿದ್ದನಂತೆ. ಹೆತ್ತವಳ ಕಣ್ಣಿಗೆ ಹೆದರಿ ನನ್ನಪ್ಪ ಪರದೇಶದಲ್ಲಿ ಒಂದು ಮಂಡ್ಯವನ್ನು ಹುಡುಕಿಕೊಂಡಿದ್ದ.

ನಾವಿದ್ದದ್ದು ರೊಸಾಲ್ಬಾ ಎಂಬ ಮುದುಕಿಯ ತೋಟದ ಮನೆಯಲ್ಲಿ. ಅಮ್ಮ ರಾಗಿ ಹಿಟ್ಟು ತುಂಬಿದ್ದ ಪೆಟ್ಟಿಗೆ ವಿಮಾನ ಬದಲಿಸುವಾಗ ಎಲ್ಲೋ ತಪ್ಪಿಹೋಗಿ ನಮ್ಮ ಜೊತೆ ಬಂದಿರಲೇ ಇಲ್ಲ. ಮುದ್ದೆಯಿಲ್ಲದೆ ಅಪ್ಪನ ಮುಖ ಸಪ್ಪಗಾಗಿತ್ತು. ಒಂದು ದಿನ ರೊಸಾಲ್ಬಾ ತಾಮ್ರದ ಪಾತ್ರೆಯಲ್ಲಿ ನೀರು ಕುದಿಸಿ, ಮುಸುಕಿನ ಜೋಳದ ಹಿಟ್ಟು ಸುರಿದು, ಉದ್ದನೆಯ ಕೋಲಿನಿಂದ ತೊಳಸತೊಡಗಿದಳು. ಅಪ್ಪ ಕುರ್ಚಿ ಬಿಟ್ಟು ಎದ್ದೇಬಿಟ್ಟ.

"ಲೇ, ಮುದ್ದೆ ಕೋಲು ಕಣೇ!"

ಅವಳು ಹಿಟ್ಟನ್ನು ಹಲಗೆಯ ಮೇಲೆ ಸುರಿಯುವುದೇ ತಡ, ಅಪ್ಪ ಅಂಗೈ ಒದ್ದೆ ಮಾಡಿಕೊಂಡು ಹಬೆಯಾಡುವ ಹಿಟ್ಟನ್ನು ಉಂಡೆ ಕಟ್ಟಿದ. ಹಳದಿ ಬಣ್ಣದ ಮುದ್ದೆ! ರೊಸಾಲ್ಬಾ ಎರಡು ಕೈಗಳನ್ನೂ ಮೇಲೆತ್ತಿ ಏನೇನೋ ಕೂಗಿದಳು. ಅಪ್ಪ ಅವಳ ಹುರುಳಿಕಾಯಿ ಬೀಜದ ಸಾರಿನಲ್ಲಿ ತುತ್ತನ್ನು ಅದ್ದಿ ಗುಳುಂ ಎಂದು ನುಂಗಿದ. ಮುದುಕಿಗೆ ಗಾಬರಿಯಾಯಿತು. ತನ್ನ ದವಡೆಯನ್ನು ತಟ್ಟಿಕೊಳ್ಳುತ್ತ "ಮಾಸ್ತಿಕಾ! ಮಾಸ್ತಿಕಾ!" ಅಂದಳು. ಅಗಿ, ಅಗಿ.

"ಮುದ್ದೆ ಅಗಿಯೋನು ಮಂಡ್ಯದೋನೇ ಅಲ್ಲ ಅಂತ ಹೇಳೇ ಅವಳ್ಗೆ" ಎಂದು ಅಪ್ಪ ಅಮ್ಮನಿಗೆ ಹೇಳಿ ನಗುತ್ತ ನನ್ನ ಕಡೆ ತಿರುಗಿದ. ಫ್ರೀಮಾಂಟಿನಲ್ಲಿ ವರ್ಷಗಟ್ಟಲೆ ಹೇಳಿಕೊಟ್ಟರೂ ನಾನು ಮುದ್ದೆ ನುಂಗಲು ಕಲಿತಿರಲಿಲ್ಲ; ಅಗಿಯುತ್ತಿದ್ದೆ, ಹಲ್ಲಿಗೆ ಮೆತ್ತಿಕೊಂಡರೆ ಅಳುತ್ತಿದ್ದೆ.

"ಬಾರವ್ವ. ಸಾರಲ್ಲಿ ಅದ್ದು, ನಾಲ್ಗೆ ಮೇಲಿಡು, ನುಂಗು. ಹಲ್ಗೆ ಕೆಲ್ಸ ಕೊಡ್ಬ್ಯಾಡ."

"ಅಪ್ಪ, ಐ ವಿಲ್ ಚೋಕ್!"

"ನಾನಿವ್ನಿ ಕಣವ್ವ. ನುಂಗು."

ಕಣ್ಣು ಮುಚ್ಚಿದೆ. ಬಿಸಿ ತುತ್ತು ಗಂಟಲಲ್ಲಿ ಒಂದು ಗಳಿಗೆ ನಿಂತು, ಜಾರಿ, ಎದೆಯೊಳಗೆಲ್ಲ ಬೆಚ್ಚಗಾಯಿತು. "ಇಳೀತಾ? ಇಳೀತಾ?" ಎಂದು ಅಪ್ಪ ನನ್ನ ಗಂಟಲನ್ನೇ ನೋಡುತ್ತಿದ್ದ. "ಇಳೀತು!" ಎಂದು ಕೂಗಿದೆ. ಕನ್ನಡದಲ್ಲೇ ಕೂಗಿದೆ. ಅಪ್ಪ ನನ್ನ ಬೆನ್ನಿಗೆ ಗುದ್ದಿದ ಗುದ್ದು ಇನ್ನೂ ನೆನಪಿದೆ. ಅಮ್ಮ ಮಾತ್ರ ಸೆರಗಿಲ್ಲದ ಆ ಟೀ ಶರ್ಟಿನ ತುದಿಯಿಂದಲೇ ಕಣ್ಣೊರೆಸಿಕೊಂಡಳು.

ಮರುವರ್ಷ ಅಪ್ಪ ಗಾಲಿಕುರ್ಚಿ ಸೇರಿದ. ಅದರ ಮುಂದಿನ ವರ್ಷ ಕಾಯಿಲೆ ಗಂಟಲಿಗೆ ಬಂತು. ಆಸ್ಪತ್ರೆಯಲ್ಲಿ ಒಬ್ಬಳು ನಗುಮುಖದ ಹುಡುಗಿ, ಸಣ್ಣ ಸಣ್ಣ ತುತ್ತು, ಚೆನ್ನಾಗಿ ಅಗಿಯಿರಿ, ಎಂದು ಇಂಗ್ಲಿಷಿನಲ್ಲಿ ಹೇಳಿಕೊಟ್ಟಳು. ಅಪ್ಪ ನನ್ನ ಮುಖ ನೋಡಿದ. ಕೊನೆಗೆ ಅದೂ ಆಗದೆ ಹೊಟ್ಟೆಗೆ ನಳಿಕೆ ಹಾಕಿದರು. ಆಮೇಲೂ ಭಾನುವಾರ ಅಮ್ಮನ ಕೈಲಿ ಮುದ್ದೆ ಮಾಡಿಸುತ್ತಿದ್ದ. ತಟ್ಟೆ ನನಗೆ. ಅವನೆದುರು ಕೂತು ಉಣ್ಣಬೇಕು. ತೊದಲಿ ತೊದಲಿ, ನಮ್ಮಿಬ್ಬರಿಗೆ ಮಾತ್ರ ಅರ್ಥವಾಗುವಂತೆ "ನುಂಗು" ಅನ್ನುತ್ತಿದ್ದ. ನಾನು ನುಂಗಿದರೆ ಅವನ ಗಂಟಲು ಅಲುಗುತ್ತಿತ್ತು.

ಅಜ್ಜಿಗೆ ವಿಷಯ ತಿಳಿದದ್ದು ಫೋನಿನಲ್ಲಿ, ಎಲ್ಲ ಕೈಮೀರಿದ ಮೇಲೆ. ಅವಳು ಅಳಲಿಲ್ಲವಂತೆ. "ನಡಿಯೋ ಮಗನ್ನ ಒಂದ್ ಕಿತ ನನ್ ಕಣ್ಗೆ ತೋರುಸ್ಬಾರ್ದಾಗಿತ್ತೇನವ್ವ?" ಎಂದು ಅಮ್ಮನನ್ನು ಕೇಳಿದಳಂತೆ. ಅಪ್ಪ ಹೋದ, ಅಜ್ಜಿಯೂ ಹೆಚ್ಚು ದಿನ ಉಳಿಯಲಿಲ್ಲ.

ಕಾಲ ಎಲ್ಲವನ್ನೂ ಮರೆಸುತ್ತದೆ ಅನ್ನುತ್ತಾರೆ. ಹಾಗೆ ಹೇಳುವವರಿಗೆ ಮರೆಯುವಂಥದ್ದು ಏನೂ ಆಗಿರುವುದಿಲ್ಲ. ನಾನೀಗ ಫ್ರೀಮಾಂಟಿಗೆ ಹತ್ತಿರದ ಮೌಂಟನ್ ವ್ಯೂನಲ್ಲಿ ಒಬ್ಬಳೇ ಇದ್ದೇನೆ. ಸೈಕಲ್ಲಿನಲ್ಲೇ ಆಫೀಸಿಗೆ ಹೋಗುತ್ತೇನೆ, ದಾರಿಯಲ್ಲಿ ಬೆಳ್ಳಕ್ಕಿಗಳೂ ಸಿಗುತ್ತವೆ. ರಾಗಿ ಹಿಟ್ಟು ಫ್ರೀಮಾಂಟಿನ ಯಾವ ಅಂಗಡಿಯಲ್ಲಾದರೂ ಉಂಟು. ಭಾನುವಾರ ಮುದ್ದೆ ಕಟ್ಟುತ್ತೇನೆ. ಸಾರಿನಲ್ಲಿ ಅದ್ದುತ್ತೇನೆ, ನಾಲಿಗೆಯ ಮೇಲಿಡುತ್ತೇನೆ, ಕಣ್ಣು ಮುಚ್ಚುತ್ತೇನೆ. ಇಳಿಯುವುದಿಲ್ಲ. ಇಳಿಯಿತಾ ಎಂದು ಕೇಳುವವರೂ ಇಲ್ಲ.

ಅಗಿದು ತಿನ್ನುತ್ತೇನೆ.