ಬೀಗ ಹಾಕಿದ ಬಾಗಿಲಿಗೂ ಜಲಜಕ್ಕನ ಕೂಗು

ಬೆಳಕು ಇನ್ನೂ ತೆಂಗಿನ ಗರಿಗಳಿಂದ ಕೆಳಗಿಳಿದಿಲ್ಲ. ಬಾರ್ಕೂರಿನ ಒಳದಾರಿಯಲ್ಲಿ ಮೀನು ಮಾರುವ ಜಲಜಕ್ಕ ಹೆಂಚಿನ ಮನೆಯೊಂದರ ಗೇಟು ತಳ್ಳಿ, ಅಂಗಳದ ನಡುವೆ ನಿಂತು ಬಾಯಿ ತುಂಬ ಕೂಗುತ್ತಾರೆ.

"ಹ್ವಾಯ್ ಸ್ನೇಹಲತಮ್ಮಾ, ಮೀನ್ ಬೇಕಾ? ಬಂಗ್ಡೆ ಇತ್ತ್!"

ಬಾಗಿಲಿಗೆ ಅಂಗೈಯಗಲದ ಬೀಗ. ಮನೆಯವರು ಮುಂಬೈಯಲ್ಲಿ ಹೋಟೆಲು ನಡೆಸುತ್ತಾರೆ. ಅದು ಗೊತ್ತಿದ್ದೂ ಜಲಜಕ್ಕ ಉತ್ತರಕ್ಕೆ ಕಾದವರಂತೆ ಕತ್ತು ಓರೆ ಮಾಡುತ್ತಾರೆ. "ಇವತ್ತ್ ಬ್ಯಾಡ್ದಾ? ಆಯ್ತ್, ನಾಳೆ ಬತ್ತೆ" ಎಂದು ತಾವೇ ಮಾತು ಮುಗಿಸುತ್ತಾರೆ. ಹಿಂದಿನ ಮನೆಯಲ್ಲಿ ಮೀನು ಕೊಯ್ದುಕೊಟ್ಟಾಗ ಉಳಿದ ಕಿವಿರು, ಕರುಳನ್ನು ಬಾವಿಕಟ್ಟೆಯ ಹತ್ತಿರ ಚೆಲ್ಲುತ್ತಾರೆ. ಕಾಗೆಗಳು ಇಳಿಯುತ್ತವೆ, ಎಲ್ಲಿತ್ತೋ ಒಂದು ಬೆಕ್ಕೂ ಬರುತ್ತದೆ. ದೂರದಿಂದ ನೋಡಿದರೆ ಒಳಗೆ ಒಲೆ ಉರಿಯುತ್ತಿರಬೇಕು ಅನಿಸುತ್ತದೆ.

ಅಂಗಡಿಯ ಭೋಜಣ್ಣ ದಾರಿಯಲ್ಲೇ ಕಾಲೆಳೆಯುತ್ತಾರೆ: "ಬೀಗ ಮೀನ್ ತಿಂತ್ತಾ ಜಲಜಕ್ಕ?"

"ಬೀಗ ಚೌಕಾಶಿ ಆದ್ರೂ ಮಾಡುದಿಲ್ಲ. ನಿಮ್ಕಿಂತ ಅಡ್ಡಿಲ್ಲ."

ಹಂಗಾರಕಟ್ಟೆಯ ಬಂದರಿನಲ್ಲಿ ಮೀನು ಕೊಂಡು, ಮೊದಲ ಬಸ್ಸಿಗೆ ಬಂದು, ಐವತ್ತರ ಹತ್ತಿರ ಮನೆ ಸುತ್ತುವ ಕೆಲಸ ಅವರದು. ಗಂಡ ದೋಣಿಯಿಂದ ಮರಳಿ ಬಾರದ ವರ್ಷ ತಲೆಗೇರಿದ ಬುಟ್ಟಿ ಇಂದಿಗೂ ಇಳಿದಿಲ್ಲ. ದಾರಿಯ ಹತ್ತು ಹನ್ನೆರಡು ಮನೆಗಳಿಗೆ ಸದಾ ಬೀಗ. ಅಲ್ಲಿ ಅವರು ಮೊದಲು ಕೂಗುತ್ತಿರಲಿಲ್ಲ. ಗಂಟಲು ಯಾಕೆ ಸುಮ್ಮನೆ ಸವೆಸಬೇಕು?

ಎರಡು ಮಳೆಗಾಲದ ಹಿಂದೆ ಇದೇ ದಾರಿಯ ಹರಿಣಾಕ್ಷಿಯಮ್ಮ ಮಗಳ ಹೆರಿಗೆಗೆಂದು ಉಡುಪಿಗೆ ಹೋದರು. ಮರಳಿದಾಗ ಹಿಂಬಾಗಿಲು ಮುರಿದಿತ್ತು. ಮೊಮ್ಮಗುವಿನ ತೊಟ್ಟಿಲಿಗೆಂದು ತೆಗೆದಿಟ್ಟ ಬಳೆ, ಸರ ಇರಲಿಲ್ಲ. ಕಳ್ಳ ಸಿಗಲಿಲ್ಲ, ಮಾತು ಮಾತ್ರ ಹುಟ್ಟಿತು. ಯಾವ ಮನೆಯಲ್ಲಿ ಜನ ಇಲ್ಲ ಎಂದು ದಿನಾ ಅಂಗಳ ಹೊಗುವವಳಿಗಲ್ಲದೆ ಇನ್ಯಾರಿಗೆ ಗೊತ್ತು? ಹರಿಣಾಕ್ಷಿಯಮ್ಮ ಏನೂ ಅನ್ನಲಿಲ್ಲ. ಜಲಜಕ್ಕ ಕೂಗಿದರೆ ಬಾಗಿಲು ತೆರೆಯುವುದನ್ನಷ್ಟೇ ಬಿಟ್ಟರು. ಇನ್ನೂ ಕೆಲವು ಬಾಗಿಲು ಹಾಗೆಯೇ ಮುಚ್ಚಿದವು.

"ಬೈದಿದ್ರೆ ತಡ್ಕಂಬ್ಲಕ್ಕಿತ್ತ್" ಎನ್ನುತ್ತಾರೆ ಜಲಜಕ್ಕ. "ಮೀನ್ ಮಾರಿ ತಿಂಬರಿಗೆ ಹೆಸ್ರ್ ಹೋದ್ರೆ ಮತ್ತೆಂತ ಉಳಿತ್ತ್?"

ಮನೆ ಖಾಲಿ ಎಂದು ಕಳ್ಳನಿಗೆ ತಿಳಿದದ್ದು ಹೇಗೆ ಎಂಬ ಒಗಟು ಬಿಡಿಸಿದ್ದು ಹರಿಣಾಕ್ಷಿಯಮ್ಮನ ಪಕ್ಕದ ಮನೆಯ ಕಮಲಮ್ಮ. ಒಂದು ದಿನ ಮೀನು ಆರಿಸುತ್ತ ಅಂದರಂತೆ: "ನೀ ಎಲ್ಲಿ ಕೂಗುದಿಲ್ಯೋ ಅಲ್ಲಿ ಜನ ಇಲ್ಲ ಅಂದೇಳಿ ನಂಗೆ ಒಲಿ ಮುಂದ್ ಕೂತ್ರೂ ಗೊತ್ತಾತ್ತ್. ಕಳ್ಳಂಗೆ ಕಿವಿ ಇಲ್ಯಾ ಮರಾಯ್ತಿ?"

ಮರುದಿನದಿಂದ ಜಲಜಕ್ಕ ಯಾವ ಮನೆಯನ್ನೂ ಬಿಟ್ಟಿಲ್ಲ. ಗೇಟಿಗೆ ಸಿಕ್ಕಿಸಿದ ಚೀಟಿ, ಮದುವೆಯ ಕರೆಯೋಲೆ ತೆಗೆದು ಪಕ್ಕದ ಮನೆಗೆ ಕೊಡುತ್ತಾರೆ. ಮೆಟ್ಟಿಲ ಮೇಲಿನ ಹಳೆ ಚಪ್ಪಲಿಯನ್ನು ಇಂದು ಈ ಬದಿ, ನಾಳೆ ಆ ಬದಿ ಸರಿಸಿಡುತ್ತಾರೆ. ಇದಕ್ಕೆ ಯಾರೂ ಅವರನ್ನು ನೇಮಿಸಿಲ್ಲ. ಕೂಗಿಗೆ ಹೆದರಿ ಯಾವನಾದರೂ ಹಿಂದೆ ಸರಿದಿದ್ದಾನೋ, ಹೇಳುವವರಿಲ್ಲ. ಆ ದಾರಿಯಲ್ಲಿ ಮತ್ತೆ ಬೀಗ ಮುರಿದಿಲ್ಲ ಅಷ್ಟೇ. ಈ ಬರಹದಲ್ಲಿ ಮನೆಗಳ ಗುರುತು ಬದಲಿಸಿರುವುದೂ ಅವರದೇ ಷರತ್ತು. "ಪೇಪರ್ ಕಳ್ರೂ ಓದ್ತ್ರ್" ಎಂದು ನಗುತ್ತಾರೆ.

ಬುಟ್ಟಿ ಅರ್ಧ ಖಾಲಿಯಾಗುವ ಹೊತ್ತಿಗೆ ಹರಿಣಾಕ್ಷಿಯಮ್ಮನ ಮನೆ. ಅಲ್ಲೂ ದಿನಾ ಕೂಗುತ್ತಾರೆ. ತೆರೆಯದ ಬಾಗಿಲುಗಳ ಸಾಲಿನಲ್ಲಿ ಅದೂ ಒಂದು. ಇಂದು ಬಾಗಿಲು ತೆರೆಯುತ್ತದೆ. ಹರಿಣಾಕ್ಷಿಯಮ್ಮ ಪ್ರಯಾಣದ ಸೀರೆಯುಟ್ಟು ಜಗಲಿಗೆ ಬರುತ್ತಾರೆ. ಮುಖ ನೋಡುವುದಿಲ್ಲ, ಬುಟ್ಟಿ ನೋಡುತ್ತಾರೆ.

"ಮಗಳ ಮನಿಗೆ ಹೋತೆ ಜಲಜ. ಹತ್ತ್ ದಿನ ಇರುದಿಲ್ಲ." ಬೀಗ ಕೈಗೆತ್ತಿಕೊಂಡು, "ಕೂಗುಕೆ ಮರಿಬ್ಯಾಡ" ಎನ್ನುತ್ತಾರೆ.

ಜಲಜಕ್ಕ ತಲೆಯಾಡಿಸಿ ಹೊರಡುತ್ತಾರೆ. ತಿರುವು ದಾಟಿದ ಮೇಲೆ ಸೆರಗಿನಿಂದ ಮುಖ ಒರೆಸಿಕೊಳ್ಳುತ್ತಾರೆ.

"ಎರಡ್ ವರ್ಷದ್ ಮೇಲೆ ನನ್ ಹೆಸ್ರ್ ಹಿಡ್ದ್ ಕರದ್ರ್, ಕಂಡ್ರ್ಯಾ? ನಾಳೆ ಅವ್ರ್ ಬಾಗ್ಲಂಗೆ ಎರಡ್ ಸಲ ಕೂಗ್ತೆ."