ಅಪ್ಪನ ಹೋಟೆಲ್ ಇಂಗ್ಲಿಷ್

ಇವತ್ತು ಲೇಕ್ ಮಾರ್ಕೆಟ್‌ನ ಹೋಟೆಲಿನಲ್ಲಿ ನನ್ನ ಮಗಳು ಸರ್ವರನ್ನು ಕರೆದು, “ಎಕ್ಸ್‌ಕ್ಯೂಸ್ ಮಿ, ಸಾಂಬಾರ್ ಈಸ್ ಕೋಲ್ಡ್” ಎಂದಳು. ಎಷ್ಟು ಸಲೀಸು!

ಧಾರವಾಡದಿಂದ ಹೌರಾಕ್ಕೆ ರೈಲ್ವೆ ಕೆಲಸಕ್ಕೆ ಬಂದಿದ್ದ ಅಪ್ಪ, ನಾನು ಚಿಕ್ಕವಳಿದ್ದಾಗ ಹೋಟೆಲಿಗೆ ಹೋಗುವ ಭಾನುವಾರ ಇದೇ ಮಾತನ್ನು ಮನೆಯಲ್ಲಿ ಅಭ್ಯಾಸ ಮಾಡುತ್ತಿದ್ದರು. ಹೆಗಲಿಗೆ ಟವೆಲ್ ಹಾಕಿಕೊಂಡು ನಾನು ಸರ್ವರ್ ಆಗುತ್ತಿದ್ದೆ. “ದನಿ ಭಾಳ ಜೋರಾತೇನು?” ಎಂದು ಅವ್ವನನ್ನು ಕೇಳುತ್ತಿದ್ದರು.

ಒಮ್ಮೆ ಸಾಂಬಾರ್ ನಿಜವಾಗಿಯೂ ತಣ್ಣಗಿತ್ತು. ಅಪ್ಪ ಗಂಟಲು ಸರಿಮಾಡಿಕೊಂಡರು. ಮುದುಕ ಸರ್ವರ್ ಬೆವರು ಒರೆಸಿಕೊಳ್ಳುತ್ತ, “ಸಬ್ ಠೀಕ್, ದಾದಾ?” ಎಂದ.

“ವೆರಿ ನೈಸ್,” ಎಂದರು ಅಪ್ಪ.

ಅವ್ವ ಕಣ್ಣರಳಿಸಿದಳು. “ಅಂವ ದಣದಾನ, ಹೆಂಗ ಹೇಳ್ಲಿ?” ಎಂದು ಅಪ್ಪ ಬಟ್ಟಲೆತ್ತಿ ಕುಡಿದುಬಿಟ್ಟರು.

ಮಗಳಿಗೆ ಬಿಸಿ ಸಾಂಬಾರ್ ಬಂತು. ನನ್ನದೂ ತಣ್ಣಗೇ ಇತ್ತು. “ಆಪ್‌ಕಾ, ದೀದಿ?” ಎಂದು ಸರ್ವರ್ ಕೇಳಿದ.

“ವೆರಿ ನೈಸ್,” ಎಂದೆ.