ಗುಂಡಿಗೆ ಮತ್ತೆ ಮತ್ತೆ ಪರಿಚಯ ಹೇಳುವ ಇಸ್ತ್ರಿ ಅಕ್ಕ

ಬೀದಿ ದೀಪಗಳು ಇನ್ನೂ ಆರಿಲ್ಲ. ಇಸ್ತ್ರಿ ಅಂಗಡಿಯ ಶಟರ್ ಮಂಡಿಯೆತ್ತರಕ್ಕೆ ಮಾತ್ರ ತೆರೆದಿದೆ. ಪೂರ್ತಿ ಎತ್ತಿದರೆ ಬೆಕ್ಕು ರಸ್ತೆಗೆ ಓಡುತ್ತದೆ, ಪೂರ್ತಿ ಇಳಿಸಿದರೆ ಒಳಗಿದ್ದವರಿಗೆ ಉಸಿರು ಕಟ್ಟುತ್ತದೆ. ಬಗ್ಗಿ ನುಸುಳಿದರೆ ಒದ್ದೆ ಬಟ್ಟೆಯ ಘಮ, ಗೋಡೆಯುದ್ದಕ್ಕೂ ಮರದ ಅಟ್ಟಣಿಗೆ, ನಡುವೆ ಉದ್ದನೆಯ ಮೇಜು. ಮೇಜಿನ ಮೇಲೆ ಇಸ್ತ್ರಿ ಪೆಟ್ಟಿಗೆ ಬಿಸಿಯಾಗುತ್ತಿದೆ. ಅದು ಹದಕ್ಕೆ ಬರುವಷ್ಟರಲ್ಲಿ ಅಕ್ಕ ಇನ್ನೊಂದು ಕೆಲಸ ಮುಗಿಸಬೇಕು.

ಹಳೆಯ ಟವೆಲೊಂದರಲ್ಲಿ ಬೂದು ಬಣ್ಣದ ಬೆಕ್ಕನ್ನು ಕತ್ತಿನವರೆಗೆ ಸುತ್ತಿ ಮಡಿಲಲ್ಲಿ ಕೂರಿಸಿಕೊಳ್ಳುತ್ತಾರೆ. ಎಡಗೈ ದವಡೆಯ ಮೂಲೆಗೆ ಹೋಗುತ್ತದೆ, ಬಲಗೈಯಲ್ಲಿ ಬೆಣ್ಣೆ ಸವರಿದ ಮಾತ್ರೆಯ ಚೂರು. ಬಾಯಿ ತೆರೆದದ್ದೂ ಮುಚ್ಚಿದ್ದೂ ಎದುರಿಗೆ ಕೂತವರಿಗೆ ಗೊತ್ತಾಗುವುದಿಲ್ಲ. ಗಂಟಲು ನೀವುತ್ತಾರೆ. ಬೆಕ್ಕು ನುಂಗಿ, ಮೂಗು ನೆಕ್ಕಿಕೊಂಡು, ಮದುವೆಮನೆಯಲ್ಲಿ ಯಾರೂ ಮಾತಾಡಿಸದ ದೊಡ್ಡಮನುಷ್ಯರ ಹಾಗೆ ಮುಖ ತಿರುಗಿಸುತ್ತದೆ.

“ಇವತ್ತು ಬೈಲಿಲ್ಲ. ಒಳ್ಳೇ ಮೂಡಲ್ಲಿದೆ,” ಎನ್ನುತ್ತಾ ಅಕ್ಕ ಏಳುತ್ತಾರೆ. ಹೋಟೆಲಿನ ಬೆಡ್‌ಶೀಟುಗಳ ಗಂಟು ಬಿಚ್ಚುತ್ತಾರೆ. ದಿನದ ಕೆಲಸ ಶುರು.

ಇಡೀ ಬಡಾವಣೆಗೆ ಇವರು ‘ಇಸ್ತ್ರಿ ಅಕ್ಕ’. ಅಪ್ಪ ನಡೆಸುತ್ತಿದ್ದ ಅಂಗಡಿ ಇದು. ಮೇಜು ಎಟುಕದ ವಯಸ್ಸಿನಲ್ಲಿ ಸ್ಟೂಲು ಹತ್ತಿ ಕರ್ಚೀಫುಗಳಿಂದ ಆರಂಭಿಸಿದವರು, ಅಪ್ಪ ಹೋದ ಮೇಲೆ ಪೂರ್ತಿ ಮೇಜಿಗೇ ನಿಂತರು. ಹಿಂದಿನ ಕೋಣೆಯಲ್ಲಿ ಒಗೆಯುವ ಯಂತ್ರಗಳು ಅಣ್ಣನದು, ಮುಂದಿನ ಕೋಣೆಯ ಶಾಖ ಇವರದು. ದಿನವೊಂದಕ್ಕೆ ಕೈದಾಟುವ ಬಟ್ಟೆ ನೂರರ ಮೇಲೆ. ಶಾಲೆ ತೆರೆಯುವ ಸಮಯದಲ್ಲಿ ಅದರ ಎರಡರಷ್ಟು. ಸಂಜೆಗೆ ಕಾಲು ಊದಿಕೊಳ್ಳುತ್ತದೆ. ಮೊಣಕೈಯವರೆಗೆ ಸಣ್ಣಸಣ್ಣ ಸುಟ್ಟ ಗೆರೆಗಳು.

“ಕಾಲರ್ ನೆಟ್ಟಗಿದ್ರೆ ಯಾರೂ ನೋಡಲ್ಲ. ಸುಕ್ಕಿದ್ರೆ ಮಾತ್ರ ನಾನು ನೆನಪಾಗ್ತೀನಿ,” ಎಂದು ನಗುತ್ತಾರೆ.

ಬೆಕ್ಕು ಬಂದದ್ದೂ ಇಂಥದ್ದೇ ಒಂದು ಗಂಟಿನಲ್ಲಿ. ಕೊಳೆ ಬೆಡ್‌ಶೀಟು ಬಿಚ್ಚಿದಾಗ ಒಳಗೆ ಮುಷ್ಟಿಗಾತ್ರದ ಮರಿ ಮಲಗಿತ್ತು. ಮೊದಲ ದಿನವೇ ಡಬ್ಬಿಯಲ್ಲಿದ್ದ ಗುಂಡಿಗಳನ್ನೆಲ್ಲ ಚೆಲ್ಲಾಡಿ ಆಟವಾಡಿತು. “ಅದಕ್ಕೇ ಗುಂಡಿ ಅಂತ ಹೆಸರಿಟ್ವಿ. ಶರ್ಟಿನ ಗುಂಡಿ ಮತ್ತೆ, ರಸ್ತೆ ಗುಂಡಿ ಅಲ್ಲ!” ಕೆಲವೇ ದಿನಗಳಲ್ಲಿ ಅಟ್ಟಣಿಗೆಯ ಮೇಲಿನ ಹಲಗೆ ಅದರ ಸಿಂಹಾಸನವಾಯಿತು. ಅಲ್ಲಿಂದ ಅಣ್ಣನ ಹೆಗಲಿಗೆ ಹಾರುವುದು ಅದಕ್ಕೆ ಇಷ್ಟ. ಅಣ್ಣನಿಗಂತೂ ಇನ್ನೂ ಇಷ್ಟ.

ಎರಡನೇ ವರ್ಷದಲ್ಲಿ ಮೊದಲ ಸಲ ಫಿಟ್ಸ್ ಬಂತು. ಗುಂಡಿ ಇದ್ದಕ್ಕಿದ್ದಂತೆ ಗೋಡೆಯ ಮೂಲೆಯನ್ನೇ ದಿಟ್ಟಿಸಿತು, ದವಡೆ ಕಟಕಟ ಎಂದಿತು, ಆಮೇಲೆ ಉರುಳಿಬಿದ್ದು ನಾಲ್ಕೂ ಕಾಲು ಬಡಿಯತೊಡಗಿತು. ನಾಲಿಗೆ ಕಚ್ಚಿಕೊಂಡೀತೆಂದು ಅಣ್ಣ ಅದರ ಬಾಯಿಗೆ ಬಟ್ಟೆ ತುರುಕಲು ಹೋಗಿ ಹೆಬ್ಬೆರಳಿಗೆ ಕಚ್ಚಿಸಿಕೊಂಡರು. “ಅದಕ್ಕೆ ಮಾತ್ರೆ, ನನಗೆ ಸಾಲು ಸಾಲು ಇಂಜೆಕ್ಷನ್! ನ್ಯಾಯ ನೋಡಿ,” ಎಂದು ಅವರು ಈಗಲೂ ಗಿರಾಕಿಗಳಿಗೆ ಬೆರಳು ತೋರಿಸುತ್ತಾರೆ.

ಪ್ರಾಣಿ ಆಸ್ಪತ್ರೆಯ ಡಾಕ್ಟರಮ್ಮ ರಕ್ತಪರೀಕ್ಷೆ ಮಾಡಿಸಿ, ಇದು ಮೂರ್ಛೆ ರೋಗ, ಬೆಳಿಗ್ಗೆ ಸಂಜೆ ಒಂದೇ ಹೊತ್ತಿಗೆ ಮಾತ್ರೆ, ಬಹುಶಃ ಬದುಕಿರುವವರೆಗೂ ಎಂದರು. ಥಟ್ಟನೆ ನಿಲ್ಲಿಸಿದರೆ ಮೊದಲಿಗಿಂತ ಜೋರಾಗಿ ಬರಬಹುದು ಎಂದೂ ಎಚ್ಚರಿಸಿದರು. ಅಕ್ಕನ ತಲೆಯಲ್ಲಿದ್ದ ಪ್ರಶ್ನೆಯೇ ಬೇರೆ.

“ಆ ಹೊತ್ತಲ್ಲಿ ಅದು ಎಲ್ಲಿರತ್ತೆ ಡಾಕ್ಟ್ರೇ? ಕನಸು ಗಿನಸು ಕಾಣತ್ತಾ?”

“ನನಗೂ ಗೊತ್ತಿಲ್ಲಮ್ಮ. ಯಾವ ಬೆಕ್ಕೂ ಹೇಳಿಲ್ಲ,” ಎಂದರಂತೆ ಡಾಕ್ಟರಮ್ಮ.

ಅಂದಿನಿಂದ ಅಕ್ಕ ನೋಡುತ್ತಲೇ ಇದ್ದಾರೆ. ಫಿಟ್ಸ್ ನಿಂತ ಮೇಲೆ ಗುಂಡಿಗೆ ಸ್ವಲ್ಪ ಹೊತ್ತು ಯಾರೂ ಗುರುತು ಸಿಗುವುದಿಲ್ಲ. ಗೋಡೆಗೆ ಡಿಕ್ಕಿ ಹೊಡೆಯುತ್ತದೆ, ಇವರನ್ನು ಕಂಡರೂ ಬುಸ್ಸೆನ್ನುತ್ತದೆ. ಆಗ ಅಕ್ಕ ದೂರ ಕೂತು ಮಾತಾಡಿಸುತ್ತಾರೆ: “ನಾನು ಕಣೋ, ನಿಮ್ಮಕ್ಕ. ಇದು ಅಂಗಡಿ. ಆ ಶಬ್ದ ಮೆಷೀನಿಂದು. ನೀನು ಗುಂಡಿ.” ಪ್ರತಿ ಸಲವೂ ಮೊದಲಿನಿಂದ ಪರಿಚಯ. ಕೊನೆಗೊಮ್ಮೆ ಬೆಕ್ಕು ಹತ್ತಿರ ಬಂದು ಅವರ ಕೈ ಮೂಸುತ್ತದೆ. “ಅಷ್ಟು ಸಾಕು. ಒಪ್ಕೊಂಡ ಅಂತ ಲೆಕ್ಕ.”

ಮಾತ್ರೆ ಕೆಲಸ ಮಾಡಿತು. ಫಿಟ್ಸ್ ಅಪರೂಪವಾಯಿತು. ಆದರೆ ಗುಂಡಿ ತೂರಾಡತೊಡಗಿತು. ಇಡೀ ದಿನ ನಿದ್ದೆ, ಎದ್ದರೆ ಹೊಟ್ಟೆಬಾಕತನ. ಮೇಲಿನ ಹಲಗೆಗೆ ಹಾರಲು ಹೋಗಿ ಬಕೆಟ್ಟಿನೊಳಗೆ ಬಿತ್ತು.

“ಇದೇನು ಬೆಕ್ಕಾ, ಕುಡುಕನಾ?” ಅಣ್ಣ ಸಿಡುಕಿದರು. “ಮತ್ತು ಬರಿಸಿ ಬದುಕಿಸೋದು ಒಂದು ಬದುಕಾ?”

“ಬದುಕಿದ್ರೆ ತಾನೇ ಹಾರೋದು, ಓಡೋದು! ನೀನೊಂದ್ಸಲ ಆಸ್ಪತ್ರೆಗೆ ಬಂದು ಡಾಕ್ಟರನ್ನೇ ಕೇಳು.”

“ಆ ಡಾಕ್ಟರ್ ಹೇಳಿದ್ದೆಲ್ಲಾ ನಿನಗೆ ವೇದವಾಕ್ಯ.” ಅಣ್ಣ ಹೋಗಲಿಲ್ಲ.

ಅಷ್ಟರಲ್ಲಿ ಅಕ್ಕ ಜ್ವರ ಬಂದು ಹಾಸಿಗೆ ಹಿಡಿದರು. ಮಾತ್ರೆ ಡಬ್ಬಿ ಅಣ್ಣನ ಕೈಗೆ ಹೋಯಿತು. ಅಣ್ಣ ಡಬ್ಬಿ ಇಸಿದುಕೊಂಡರು, ಮಾತ್ರೆ ಮಾತ್ರ ಕೊಡಲಿಲ್ಲ. ಒಂದೆರಡು ದಿನ ಗುಂಡಿ ಚುರುಕಾಯಿತು, ಮೇಲಿನ ಹಲಗೆಗೂ ಹಾರಿತು. ಅಣ್ಣ ಸಂಭ್ರಮದಿಂದ ಹೆಂಡತಿಯನ್ನು ಕೂಗಿ ಕರೆದು ತೋರಿಸಿದರಂತೆ. ಮರುದಿನ ಮಧ್ಯಾಹ್ನ ಅದೇ ಹಲಗೆಯಿಂದ ಗುಂಡಿ ಉರುಳಿತು. ಒಂದು ಫಿಟ್ಸ್ ನಿಲ್ಲುವ ಮೊದಲೇ ಇನ್ನೊಂದು, ಅದರ ಬೆನ್ನಿಗೆ ಮತ್ತೊಂದು.

ಜ್ವರದಲ್ಲೇ ಅಕ್ಕ ಎದ್ದು ಬಂದರು. ಬಟ್ಟೆ ಬುಟ್ಟಿಯಲ್ಲಿ ಬೆಕ್ಕು, ಇಬ್ಬರೂ ಆಟೋದಲ್ಲಿ. ಡಾಕ್ಟರಮ್ಮ ಸೂಜಿ ಚುಚ್ಚಿ ನಡುಕ ನಿಲ್ಲಿಸಿ, ಮೊದಲು ಕೇಳಿದ್ದು ಒಂದೇ ಮಾತು.

“ಮಾತ್ರೆ ಏನಾದ್ರೂ ತಪ್ಪಿತ್ತಾ?”

“ಇಲ್ಲ ಡಾಕ್ಟ್ರೇ. ಒಂದು ಹೊತ್ತೂ ತಪ್ಪಿಲ್ಲ,” ಎಂದರು ಅಕ್ಕ.

ಡಾಕ್ಟರಮ್ಮ ಗುಂಡಿಯ ಕಣ್ಣರೆಪ್ಪೆ ಎತ್ತಿ ನೋಡಿದರು. “ಮಾತ್ರೆ ಕೊಟ್ಟೂ ಹೀಗಾಗ್ತಿದೆ ಅಂದ್ರೆ ಕಾಯಿಲೆ ಕೈ ಮೀರ್ತಿದೆ ಅಂತ ಅರ್ಥ. ಇದಕ್ಕೆ ಇನ್ನೂ ಕಷ್ಟ ಕೊಡೋದು ಬೇಡ, ನೋವಿಲ್ಲದೆ ಕಳಿಸಿಕೊಡೋಣ ಅಂತ ನೀವು ತೀರ್ಮಾನಿಸಿದ್ರೆ ಅದು ತಪ್ಪಲ್ಲ. ಯೋಚನೆ ಮಾಡಿ.”

ಅಕ್ಕ ಗುಂಡಿಯ ಕಾಲು ಹಿಡಿದು ನಿಂತಿದ್ದರು. ಕಾಯಿಲೆಯ ಜೊತೆ ಹೊಡೆದಾಡಿದ್ದು ಸಾಕು ಅನಿಸಿತ್ತಂತೆ. “ಆಗ್ಲಿ ಡಾಕ್ಟ್ರೇ,” ಎಂದುಬಿಟ್ಟರು.

ಬಾಗಿಲ ಹತ್ತಿರ ನಿಂತಿದ್ದ ಅಣ್ಣ ಆಗ ಬಾಯಿ ಬಿಟ್ಟರು. “ಮಾತ್ರೆ ನಾನೇ ನಿಲ್ಲಿಸಿದ್ದು. ಇವಳು ಮಲಗಿದಾಗಿನಿಂದ ಒಂದೂ ಕೊಟ್ಟಿಲ್ಲ.”

ಡಾಕ್ಟರಮ್ಮ ಕುರ್ಚಿ ಎಳೆದುಕೊಂಡು ಕೂತರು. “ಮೊದಲೇ ಹೇಳಬಾರದಿತ್ತೇ? ಹಾಗಾದ್ರೆ ಮಾತೇ ಬೇರೆ. ಬೆಕ್ಕು ಇಲ್ಲೇ ಇರಲಿ, ನೋಡೋಣ.”

ಗುಂಡಿ ಬದುಕಿ ಮನೆಗೆ ಬಂತು. ಅಣ್ಣ-ತಂಗಿಯ ನಡುವೆ ಮಾತು ಮಾತ್ರ ವಾಪಸು ಬರಲಿಲ್ಲ. ಇಬ್ಬರ ನಡುವಿನ ಟಪಾಲು ಅತ್ತಿಗೆಯ ತಲೆಗೆ ಬಂತು. “ಅತ್ತಿಗೆ, ಹೋಟೆಲಿನ ಗಂಟು ರೆಡಿ ಇದೆ ಅಂತ ಅವರಿಗೆ ಹೇಳಿ.” ಅವರು ಎಂದರೆ ಎರಡು ಮಾರು ದೂರದಲ್ಲಿ ನಿಂತ ಅಣ್ಣ. “ಒಂದೇ ಗೋಡೆಯ ಎರಡೂ ಕಡೆಗೆ ಕಿವಿ ಕೊಟ್ಟು ನನಗೇ ಫಿಟ್ಸ್ ಬರೋ ಹಾಗಾಗಿತ್ತು,” ಎನ್ನುತ್ತಾರೆ ಅತ್ತಿಗೆ.

ಆದರೆ ಮುಂದಿನ ಪರೀಕ್ಷೆಗೆ ಬುಟ್ಟಿ ಹೊತ್ತು ಹೊರಟವರು ಅಣ್ಣನೇ. ತೂರಾಟದ ವಿಷಯವನ್ನೆಲ್ಲ ಡಾಕ್ಟರಮ್ಮನ ಮುಂದೆ ಬಿಚ್ಚಿಟ್ಟರು, ಬಕೆಟ್ಟಿಗೆ ಬಿದ್ದದ್ದನ್ನು ಕೈಯಲ್ಲಿ ಅಭಿನಯಿಸಿಯೂ ತೋರಿಸಿದರಂತೆ. ರಕ್ತದಲ್ಲಿ ಔಷಧದ ಮಟ್ಟ ನೋಡಿದ ಡಾಕ್ಟರಮ್ಮ, ಪ್ರಮಾಣ ತುಸು ಹೆಚ್ಚೇ ಆಗಿದೆ, ನಿಧಾನವಾಗಿ ಇಳಿಸೋಣ ಎಂದರು. “ಅವನ ದೂರಲ್ಲಿ ಸುಳ್ಳಿರಲಿಲ್ಲ. ನಾನೇ ಕಿವಿಗೆ ಹಾಕ್ಕೊಂಡಿರಲಿಲ್ಲ,” ಎಂದು ಅಕ್ಕ ಈಗ ಒಪ್ಪುತ್ತಾರೆ. ಆದರೂ ಮಾತ್ರೆ ಡಬ್ಬಿಯನ್ನು ಅಣ್ಣನ ಕೈಗೆ ಕೊಡಲು ಮನಸ್ಸಾಗಲಿಲ್ಲ. ಸೊಂಟಕ್ಕೆ ಸಿಕ್ಕಿಸಿಕೊಂಡೇ ತಿರುಗಿದರು.

ಒಂದು ಸಂಜೆ ಬಟ್ಟೆ ಕೊಟ್ಟು ವಾಪಸು ಬರುವಾಗ ಅಂಗಡಿಯ ದೀಪ ಆರಿತ್ತು. ಬೀದಿ ದೀಪದ ಬೆಳಕಲ್ಲಿ ಬಾಗಿ ನೋಡಿದರೆ, ನೆಲದ ಮೇಲೆ ಬೆಡ್‌ಶೀಟುಗಳನ್ನು ಮೆತ್ತೆಯಂತೆ ಸುತ್ತಲೂ ಪೇರಿಸಲಾಗಿದೆ. ನಡುವೆ ಗುಂಡಿ, ಫಿಟ್ಸ್ ನಿಂತು ಆಗಷ್ಟೇ ತಲೆಯೆತ್ತಿ ಬುಸ್ಸೆನ್ನುತ್ತಿದೆ. ಬೆಳಕು ಅದರ ಕಣ್ಣಿಗೆ ಚುಚ್ಚದಿರಲೆಂದು ದೀಪ ಆರಿಸಿ, ಮುಟ್ಟದೆ, ದೂರ ಕೂತು, ದಪ್ಪ ದನಿಯನ್ನು ಆದಷ್ಟು ತಗ್ಗಿಸಿ ಅಣ್ಣ ಹೇಳುತ್ತಿದ್ದರು: “ನಾನು ಕಣೋ, ಹೆಬ್ಬೆರಳು. ನೀನು ಕಚ್ಚಿದ್ಯಲ್ಲ, ಅದೇ ಹೆಬ್ಬೆರಳು. ಇದು ಅಂಗಡಿ. ನಿಮ್ಮಕ್ಕ ಈಗ ಬರ್ತಾಳೆ.”

ಅಕ್ಕ ಬಾಗಿಲಲ್ಲೇ ನಿಂತರು. ಬೆಕ್ಕು ಆ ಹೆಬ್ಬೆರಳನ್ನು ಮೂಸುವವರೆಗೂ ಒಳಗೆ ಕಾಲಿಡಲಿಲ್ಲ. ಆಮೇಲೆ ಸೊಂಟದ ಡಬ್ಬಿ ತೆಗೆದು ಚಾಚಿದರು. “ತಗೋ ಅಣ್ಣ. ಸಂಜೆದು ನಿಂದು.” ಅತ್ತಿಗೆಯ ಟಪಾಲು ಕೆಲಸ ಅಲ್ಲಿಗೆ ಮುಗಿಯಿತು.

ಈಗ ಡಾಕ್ಟರಮ್ಮ ಆಗಾಗ ಇಲ್ಲಿಗೆ ಜನರನ್ನು ಕಳಿಸುತ್ತಾರೆ. ಬೆಕ್ಕಿಗೆ ಫಿಟ್ಸ್ ಎಂದು ತಿಳಿದು ಕಂಗಾಲಾದವರು, ಮಾತ್ರೆ ನುಂಗಿಸಲು ಹೋಗಿ ಕೈಯೆಲ್ಲ ಪರಚಿಸಿಕೊಂಡವರು. ಅಕ್ಕ ಇಸ್ತ್ರಿ ಪೆಟ್ಟಿಗೆ ಬದಿಗಿಟ್ಟು ಟವೆಲ್ ಸುತ್ತುವುದನ್ನು ತೋರಿಸುತ್ತಾರೆ. ‘ಫಿಟ್ಸ್ ಬಂದಾಗ ಏನು ಮಾಡಬಾರದು’ ಎಂಬ ವಿಭಾಗಕ್ಕೆ ಅಣ್ಣನ ಬೆರಳೇ ಸಾಕ್ಷಿ. ಕೆಲವರ ಬೆಕ್ಕು ಉಳಿದಿದೆ, ಕೆಲವರದು ಉಳಿದಿಲ್ಲ. ಬೆಕ್ಕನ್ನು ಕಳೆದುಕೊಂಡವರೂ ಬಟ್ಟೆ ಕೊಡಲು ಬಂದು ಸ್ವಲ್ಪ ಹೊತ್ತು ಕೂತು ಹೋಗುತ್ತಾರೆ.

ಗುಂಡಿಗೆ ಫಿಟ್ಸ್ ಪೂರ್ತಿ ನಿಂತಿಲ್ಲ, ನಿಲ್ಲುವುದೂ ಇಲ್ಲವೇನೋ. ಮೇಲಿನ ಹಲಗೆಯ ಆಸೆ ಬಿಟ್ಟು ನಡುವಿನದಕ್ಕೆ ಹೊಂದಿಕೊಂಡಿದೆ. ಅಕ್ಕನಿಗೂ ಒಂದು ಪುಟ್ಟ ಆಸೆಯಿದೆ. ಸಮುದ್ರದ ದಂಡೆಯ ಊರಲ್ಲಿ ಚಿಕ್ಕಂದಿನ ಗೆಳತಿಯಿದ್ದಾಳೆ, ಕರೆಯುತ್ತಲೇ ಇದ್ದಾಳೆ. ಬೆಳಿಗ್ಗೆ ಸಂಜೆಯ ಮಾತ್ರೆ ಶುರುವಾದ ಮೇಲೆ ಅಕ್ಕ ಒಂದು ರಾತ್ರಿಯೂ ಹೊರಗೆ ಉಳಿದಿಲ್ಲ. ಈ ಭಾನುವಾರ ಹೊರಡುತ್ತಿದ್ದಾರೆ. ಚೀಲ ಆಗಲೇ ತುಂಬಿ ಮೇಜಿನ ಕೆಳಗಿದೆ.

ಮಾತ್ರೆಯ ಚಿಂತೆ ಇಲ್ಲವೇ ಎಂದು ಕೇಳಿದರೆ, ಅಂಗಿಯ ತೋಳಿನ ಮೇಲೆ ಇಸ್ತ್ರಿ ಎಳೆಯುತ್ತಾ ಹಿಂದಿನ ಕೋಣೆಯ ಕಡೆ ಗದ್ದ ತೋರಿಸುತ್ತಾರೆ.

“ನುಂಗಿಸಿದ ಮೇಲೆ ಇನ್ನೊಂದ್ಸಲ ಬಾಯಿ ತೆಗೆಸಿ, ನಾಲಿಗೆ ಕೆಳಗೂ ನೋಡ್ತಾನೆ ನಮ್ಮಣ್ಣ. ನಾನೇ ಅಷ್ಟು ನೋಡಲ್ಲ.”